ಹದಿಹರೆಯದ ಪ್ರತಿಭಾವಂತರಿಗೆ ವಸತಿ ವಿಜ್ಞಾನ ಕಾರ್ಯಾಗಾರ: ಸಂಘಟಕರಿಗೊಂದು ಮಾರ್ಗದರ್ಶಿ

ವಿಜ್ಞಾನದಲ್ಲಿ ಚುರುಕಾದ ಇಪ್ಪತ್ತು ಮೂವತ್ತು ಮಕ್ಕಳನ್ನು ಹತ್ತು ದಿನ ಒಂದೇ ಕಡೆ ಉಳಿಸಿಕೊಂಡು ಏನಾದರೂ ಕಲಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಉಪನ್ಯಾಸಕರ ಪಟ್ಟಿ ಬರೆಯಲು ಕೂರುತ್ತಾರೆ. ಆ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ಒಳ್ಳೆಯ ಉಪನ್ಯಾಸಗಳನ್ನು ಈ ಮಕ್ಕಳು ಮನೆಯಲ್ಲಿ ಕುಳಿತೇ ಕೇಳಬಲ್ಲರು, ಕೇಳುತ್ತಲೂ ಇರುತ್ತಾರೆ. ಮನೆಯಲ್ಲೂ ಶಾಲೆಯಲ್ಲೂ ಅವರಿಗೆ ಸಿಗದಿರುವುದು ಬೇರೆಯೇ ಇದೆ. ಯಾರೂ ಮೊದಲೇ ಉತ್ತರ ಬರೆದಿಡದ ಒಂದು ಪ್ರಶ್ನೆ ಬೇಕು. ಆ ಪ್ರಶ್ನೆಯ ಮುಂದೆ ದಾರಿ ಕಾಣದೆ ತಡವರಿಸಲು ಸಮಯ ಬೇಕು. ತಡವರಿಸುವಾಗ ಪಕ್ಕದಲ್ಲಿ ಅಷ್ಟೇ ಹುರುಪಿನ ಸಮವಯಸ್ಕರು ಇರಬೇಕು. ಕಾರ್ಯಾಗಾರದ ಪ್ರತಿಯೊಂದು ನಿರ್ಧಾರವನ್ನೂ, ಆಯ್ಕೆಯಿಂದ ಹಿಡಿದು ರಾತ್ರಿ ದೀಪ ಆರಿಸುವ ಹೊತ್ತಿನವರೆಗೆ, ಈ ಅಳತೆಗೋಲಿನಿಂದಲೇ ತೂಗಬೇಕು ಎಂಬುದು ನನ್ನ ನಂಬಿಕೆ.

ಇದು ಹೊಸ ವಿಚಾರವಲ್ಲ. 1957ರಲ್ಲಿ ಗಣಿತಜ್ಞ ಆರ್ನಾಲ್ಡ್ ರಾಸ್ ಅಮೆರಿಕದಲ್ಲಿ ಆರಂಭಿಸಿದ ಬೇಸಿಗೆ ಶಿಬಿರದಲ್ಲಿ ಮಕ್ಕಳು ವಾರಗಟ್ಟಲೆ ಸಂಖ್ಯಾಸಿದ್ಧಾಂತದ ಲೆಕ್ಕಗಳ ಜೊತೆ ಗುದ್ದಾಡುತ್ತಾರೆ. ಆ ಶಿಬಿರ ಇಂದಿಗೂ ನಡೆಯುತ್ತಿದೆ. 1959ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸಮ್ಮರ್ ಸೈನ್ಸ್ ಪ್ರೋಗ್ರಾಂನ ಖಗೋಳ ವಿಭಾಗದಲ್ಲಿ ಮಕ್ಕಳು ದೂರದರ್ಶಕದಿಂದ ಒಂದು ಕ್ಷುದ್ರಗ್ರಹದ ಚಿತ್ರಗಳನ್ನು ತೆಗೆದು, ಅದರ ಸ್ಥಾನವನ್ನು ಅಳೆದು, ತಾವೇ ಬರೆದ ಪ್ರೋಗ್ರಾಂನಿಂದ ಅದರ ಕಕ್ಷೆಯನ್ನು ಲೆಕ್ಕ ಹಾಕುತ್ತಾರೆ. 1801ರಲ್ಲಿ ಕಂಡು ಕಣ್ಮರೆಯಾದ ಸೆರೆಸ್ ಎಂಬ ಆಕಾಶಕಾಯವನ್ನು ಮತ್ತೆ ಹುಡುಕಲು ಗಣಿತಜ್ಞ ಗೌಸ್ ಮಾಡಿದ್ದು ಇದೇ ಬಗೆಯ ಲೆಕ್ಕ. ಹದಿನಾರರ ಹುಡುಗಿಗೆ ಇಷ್ಟು ದೊಡ್ಡ ಕೆಲಸವನ್ನು ನಂಬಿ ಒಪ್ಪಿಸುವುದೇ ಆ ಶಿಬಿರಗಳ ಗುಟ್ಟು.

ಆರು ತಿಂಗಳು ಮುಂಚೆ: ಪ್ರಶ್ನೆಗಳನ್ನು ಕೂಡಿಹಾಕಿ

ಜಾಗ, ಹಣ, ದಿನಾಂಕಗಳಿಗಿಂತ ಮೊದಲು ಹತ್ತು ಹನ್ನೆರಡು ಪ್ರಶ್ನೆಗಳನ್ನು ಸಿದ್ಧಮಾಡಿಕೊಳ್ಳಿ. ‘ರೋಬೋಟಿಕ್ಸ್’, ‘ಕೃತಕ ಬುದ್ಧಿಮತ್ತೆ’, ‘ಪರಿಸರ’ ಎಂಬುವು ವಿಷಯಗಳ ಹೆಸರುಗಳೇ ಹೊರತು ಪ್ರಶ್ನೆಗಳಲ್ಲ. ಒಳ್ಳೆಯ ಪ್ರಶ್ನೆಗೆ ಅಳತೆಯಿಂದ ಉತ್ತರ ಸಿಗಬೇಕು, ಮೊದಲ ಒರಟು ಅಂಕಿ ಮೊದಲ ದಿನವೇ ಕೈಗೆ ಬರಬೇಕು, ಆ ಅಂಕಿ ನಿರೀಕ್ಷೆಗೆ ಹೊಂದದೆ ಕಾಡಬೇಕು.

ನನಗೆ ಬಹಳ ಇಷ್ಟವಾದ ಒಂದು ಉದಾಹರಣೆ ಕೊಡುತ್ತೇನೆ. ಹವ್ಯಾಸಿಗಳು ರೋಬೋಟ್‌ಗಳಿಗೆ ಅಳವಡಿಸುವ ಎಚ್‌ಸಿ-ಎಸ್‌ಆರ್‌04 ಎಂಬ ಅಗ್ಗದ ಅಲ್ಟ್ರಾಸಾನಿಕ್ ಸೆನ್ಸರ್ 40 ಕಿಲೋಹರ್ಟ್ಸ್‌ನ ಕಿವಿಗೆ ಕೇಳಿಸದ ಶಬ್ದ ಹೊರಡಿಸಿ, ಪ್ರತಿಧ್ವನಿ ಮರಳಲು ಎಷ್ಟು ಹೊತ್ತು ಹಿಡಿಯಿತು ಎಂದು ತಿಳಿಸುತ್ತದೆ. ಶಬ್ದದ ವೇಗ ಗೊತ್ತಿದ್ದರೆ ದೂರ ಸಿಗುತ್ತದೆ. ಇದನ್ನು ತಿರುವುಮುರುವು ಮಾಡಿ ಕೇಳಿ: ದೂರವನ್ನು ಬದಲಾಗದಂತೆ ಕಟ್ಟಿಹಾಕಿದರೆ ಈ ಸೆನ್ಸರ್ ಥರ್ಮಾಮೀಟರ್ ಆಗಬಲ್ಲದೇ? ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 30 ಡಿಗ್ರಿಯಲ್ಲಿ ಸುಮಾರು 349 ಮೀಟರ್. ಗೋಡೆ 2 ಮೀಟರ್ ದೂರದಲ್ಲಿದ್ದರೆ ಶಬ್ದ ಹೋಗಿ ಬರುವುದು 4 ಮೀಟರ್, 20 ಡಿಗ್ರಿಯಲ್ಲಿ ಅದಕ್ಕೆ 11.66 ಮಿಲಿಸೆಕೆಂಡು, 30 ಡಿಗ್ರಿಯಲ್ಲಿ 11.46. ಹತ್ತು ಡಿಗ್ರಿಗೆ ಸುಮಾರು 200 ಮೈಕ್ರೋಸೆಕೆಂಡುಗಳ ವ್ಯತ್ಯಾಸ. ಒಂದು ಸಾಧಾರಣ ಮೈಕ್ರೊಕಂಟ್ರೋಲರ್ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಚಿಪ್) ಇದನ್ನು ಸಲೀಸಾಗಿ ಗುರುತಿಸುತ್ತದೆ. ಹಾಗಿದ್ದರೆ ಕೆಲಸ ಮುಗಿಯಿತೇ? ಇಲ್ಲ, ಆಟ ಶುರುವಾಗುವುದೇ ಇಲ್ಲಿಂದ. ಅಂಕಿಗಳು ಸುಮಾರು 25 ಮೈಕ್ರೋಸೆಕೆಂಡುಗಳಷ್ಟು ಜಿಗಿಯಬಹುದು. ಸರಿಯಾಗಿ ಅಷ್ಟೇ ಜಿಗಿಯುವುದು ಏಕೆ? 40 ಕಿಲೋಹರ್ಟ್ಸ್‌ನ ಒಂದು ಅಲೆಯ ಅವಧಿಯೇ 25 ಮೈಕ್ರೋಸೆಕೆಂಡು. ಮರಳಿ ಬಂದ ಅಲೆಸಾಲಿನಲ್ಲಿ ಸೆನ್ಸರ್ ಒಮ್ಮೆ ಒಂದು ಅಲೆಯನ್ನು, ಮತ್ತೊಮ್ಮೆ ಅದರ ಮುಂದಿನದನ್ನು ಹಿಡಿದಿರಬಹುದು. ಗಾಳಿ ಬಿಸಿಯಾದಾಗ ಮೇಲೇರುತ್ತದೆ, ಹಾಗಾಗಿ ಕೋಣೆಯೊಳಗೆ ಎಲ್ಲೆಡೆ ಒಂದೇ ಉಷ್ಣತೆ ಇರುವುದಿಲ್ಲ. ತೇವಾಂಶವೂ ಶಬ್ದದ ವೇಗವನ್ನು ತುಸು ಬದಲಿಸುತ್ತದೆ. ಮೈಕ್ರೊಕಂಟ್ರೋಲರ್ ಬೋರ್ಡಿನ ಗಡಿಯಾರ ಎಷ್ಟು ನಿಖರ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಐದು ದಿನ ಮೂವರನ್ನು ಹಿಡಿದಿಡಲು ಇಷ್ಟು ಸಾಕು, ಸಾಮಗ್ರಿಗೆ ಹೆಚ್ಚು ಖರ್ಚೂ ಇಲ್ಲ.

ಪಟ್ಟಿಯಲ್ಲಿರುವ ಪ್ರತಿಯೊಂದು ಪ್ರಶ್ನೆಯನ್ನೂ ಮಾರ್ಗದರ್ಶಕರಲ್ಲಿ ಯಾರಾದರೊಬ್ಬರು ಒಂದು ದಿನ ಕುಳಿತು ಅರ್ಧದಷ್ಟಾದರೂ ಮಾಡಿ ನೋಡಿರಬೇಕು. ಪೂರ್ತಿ ಬಿಡಿಸಿಬಿಟ್ಟರೆ ಅವರೇ ಉತ್ತರದ ಕಡೆಗೆ ಮಕ್ಕಳನ್ನು ದೂಡುತ್ತಾರೆ. ಮುಟ್ಟದೆಯೇ ಬಿಟ್ಟರೆ ಉಪಕರಣ ಕೈಕೊಟ್ಟಾಗ ಎಲ್ಲರೂ ಕಕ್ಕಾಬಿಕ್ಕಿಯಾಗುತ್ತಾರೆ.

ನಾಲ್ಕು ತಿಂಗಳು ಮುಂಚೆ: ಯಾರನ್ನು ಕರೆಯಬೇಕು?

ಅಂಕಪಟ್ಟಿ ನೋಡಿ ಆರಿಸುವುದು ಸುಲಭ. ಆದರೆ ಅಂಕಪಟ್ಟಿ ಹೇಳುವುದು ಪರೀಕ್ಷೆಗೆ ಎಷ್ಟು ಸಿದ್ಧರಾಗಿದ್ದರು ಎಂಬುದನ್ನಷ್ಟೇ. ಪ್ರವೇಶ ಪರೀಕ್ಷೆ ಇಟ್ಟರೆ ತರಬೇತಿ ಕೊಡಿಸಬಲ್ಲ ಮನೆಯ ಮಕ್ಕಳೇ ಹೆಚ್ಚು ಬರುತ್ತಾರೆ. ಇವುಗಳ ಬದಲು ಮೂರು ವಾರ ಸಮಯ ಕೊಟ್ಟು, ಮನೆಯಲ್ಲೇ ಮಾಡುವಂತಹ ಒಂದೆರಡು ಕೆಲಸ ಕಳುಹಿಸಿ. ಉದಾಹರಣೆಗೆ: ‘ಮನೆಯಲ್ಲಿರುವ ವಸ್ತುಗಳಿಂದಲೇ ಒಂದು ನಿಮಿಷವನ್ನು ಅಳೆಯುವ ಸಾಧನ ಮಾಡಿ. ಅದು ಎಷ್ಟು ತಪ್ಪುತ್ತದೆ ಎಂದು ತೋರಿಸಿ.’

ಉತ್ತರಗಳನ್ನು ಓದುವಾಗ ಸಾಧನದ ಅಂದಚಂದಕ್ಕೆ ಮರುಳಾಗಬೇಡಿ. ಒಬ್ಬ ಹುಡುಗ ಬಾಟಲಿಗೆ ತೂತು ಕೊರೆದು ನೀರು ಸೋರುವ ಹೊತ್ತನ್ನು ಅಳೆದಿದ್ದಾನೆ ಎಂದುಕೊಳ್ಳಿ. ನೀರಿನ ಮಟ್ಟ ಇಳಿದಂತೆ ಹರಿವು ನಿಧಾನವಾಗುವುದು ಅವನ ಕಣ್ಣಿಗೆ ಬಿದ್ದಿದೆಯೇ? ಹತ್ತು ಸಲ ಅಳೆದು, ಬಂದ ಹತ್ತೂ ಅಂಕಿಗಳನ್ನು ಇದ್ದಂತೆಯೇ ಬರೆದಿದ್ದಾನೆಯೇ? ಅಥವಾ ‘ಸರಿಯಾಗಿ 60 ಸೆಕೆಂಡು ಬಂತು’ ಎಂದು ಮುಗಿಸಿದ್ದಾನೆಯೇ? ಮೊದಲಿನವನನ್ನು ಕರೆಯಿರಿ, ಅವನ ಸಾಧನ ಎಂಟು ಸೆಕೆಂಡು ತಪ್ಪಿದ್ದರೂ ಸರಿ. ಶಿಕ್ಷಕರಿಂದ ಪತ್ರ ಕೇಳುವುದಾದರೆ ಹೊಗಳಿಕೆಗೆ ಜಾಗ ಕೊಡದ ಪ್ರಶ್ನೆ ಹಾಕಿ: ‘ಈ ವಿದ್ಯಾರ್ಥಿ ಕೇಳಿದ, ನಿಮಗೆ ತಕ್ಷಣ ಉತ್ತರಿಸಲಾಗದ ಒಂದು ಪ್ರಶ್ನೆಯನ್ನು ಬರೆಯಿರಿ.’

ಹೆಸರು ಮತ್ತು ಶಾಲೆಯನ್ನು ಮುಚ್ಚಿ, ಇಬ್ಬರು ಬೇರೆ ಬೇರೆಯಾಗಿ ಓದಿ ಅಂಕ ಕೊಡಲಿ. ಇಬ್ಬರ ಅಂಕ ತೀರಾ ದೂರವಿದ್ದರೆ ಮೂರನೆಯವರು ಓದಲಿ. ಖರ್ಚಿನ ಮಾತು ಬಂದಾಗ ನನ್ನ ನಿಲುವು ಖಚಿತ: ಶುಲ್ಕ ಕಟ್ಟಲಾಗದೆ ಯಾರೂ ಹಿಂದೆ ಉಳಿಯಬಾರದು. 1984ರಿಂದ ನಡೆಯುತ್ತಿರುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಎಂಬ ಅಮೆರಿಕದ ಹೆಸರಾಂತ ಬೇಸಿಗೆ ಕಾರ್ಯಕ್ರಮದಲ್ಲಿ ಆಯ್ಕೆಯಾದವರಿಗೆ ಬೋಧನೆಯೂ ಊಟ ವಸತಿಯೂ ಉಚಿತ. ಅಷ್ಟು ಅನುದಾನ ಸಿಗದಿದ್ದರೆ ಮಕ್ಕಳ ಸಂಖ್ಯೆ ಕಡಿಮೆ ಮಾಡಿ, ಬಾಗಿಲನ್ನು ಕಿರಿದು ಮಾಡಬೇಡಿ. ಪ್ರಯಾಣದ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಿ; ಬಡ ಮನೆಯ ಮಕ್ಕಳು ಎಷ್ಟೋ ಸಲ ಹಿಂಜರಿಯುವುದು ಅಲ್ಲೇ.

ಮೊದಲ ಬಾರಿ ನಡೆಸುವವರಿಗೆ 24 ಮಕ್ಕಳು ಸಾಕು. ಮೂವರ ಎಂಟು ತಂಡಗಳಾಗುತ್ತವೆ. ನಾಲ್ವರ ತಂಡದಲ್ಲಿ ಒಬ್ಬರು ಸುಮ್ಮನೆ ನೋಡುತ್ತ ನಿಲ್ಲುತ್ತಾರೆ; ಇಬ್ಬರ ತಂಡದಲ್ಲಿ ಮುನಿಸು ಬಂದರೆ ಕೆಲಸವೇ ನಿಲ್ಲುತ್ತದೆ.

ಮಾರ್ಗದರ್ಶಕರು

ಹೆಸರು ಮಾಡಿದ ಪ್ರಾಧ್ಯಾಪಕರಿಗಿಂತ ಪದವಿ, ಸ್ನಾತಕೋತ್ತರ ಓದುತ್ತಿರುವ ಯುವಕ ಯುವತಿಯರು ಈ ಕೆಲಸಕ್ಕೆ ಹೆಚ್ಚು ಒದಗುತ್ತಾರೆ. ಸರ್ಬಿಯಾದ ಪೆಟ್ನಿತ್ಸಾ ವಿಜ್ಞಾನ ಕೇಂದ್ರ 1982ರಿಂದ ಪ್ರೌಢಶಾಲಾ ಮಕ್ಕಳಿಗೆ ವಸತಿ ಕಾರ್ಯಕ್ರಮ ನಡೆಸುತ್ತಿದೆ. ಅಲ್ಲಿ ಪಾಠ ಹೇಳುವವರಲ್ಲಿ, ಪ್ರಯೋಗಕ್ಕೆ ಜೊತೆ ನಿಲ್ಲುವವರಲ್ಲಿ ಹಲವರು ಹಿಂದೊಮ್ಮೆ ಅಲ್ಲೇ ಶಿಬಿರಾರ್ಥಿಗಳಾಗಿದ್ದವರು. ನಾಲ್ಕು ಮಕ್ಕಳಿಗೆ ಒಬ್ಬರಂತೆ ಮಾರ್ಗದರ್ಶಕರಿರಲಿ. ಪ್ರಾಧ್ಯಾಪಕರನ್ನು ಸಂಜೆಯ ಹರಟೆಗೆ ಕರೆಯಿರಿ, ‘ನಿಮ್ಮ ಕೆಲಸದಲ್ಲಿ ಇನ್ನೂ ಬಗೆಹರಿಯದೆ ಉಳಿದದ್ದು ಏನು’ ಎಂಬುದರ ಬಗ್ಗೆಯೇ ಮಾತಾಡಲು ಕೇಳಿಕೊಳ್ಳಿ.

ಕಾರ್ಯಾಗಾರಕ್ಕೆ ಮುನ್ನ ಎರಡು ದಿನ ಮಾರ್ಗದರ್ಶಕರಿಗೆ ತರಬೇತಿ ಕೊಡಿ. ಮುಖ್ಯವಾಗಿ ಕಲಿಸಬೇಕಾದದ್ದು ಸುಮ್ಮನಿರುವುದನ್ನು. ಮಗು ಬ್ರೆಡ್‌ಬೋರ್ಡ್‌ನಲ್ಲಿ (ತಂತಿಗಳನ್ನು ಸಿಕ್ಕಿಸಿ ಮಂಡಲ ಜೋಡಿಸುವ ರಂಧ್ರಗಳ ಹಲಗೆ) ತಂತಿಯನ್ನು ತಪ್ಪು ರಂಧ್ರಕ್ಕೆ ಸಿಕ್ಕಿಸಿದೆ, ಎಲ್‌ಇಡಿ ಹೊತ್ತುತ್ತಿಲ್ಲ. ಪಕ್ಕದಲ್ಲಿ ನಿಂತವರ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ಕೇಳಬೇಕಾದದ್ದು ಇಷ್ಟೇ: ಏನಾಗುತ್ತದೆ ಎಂದುಕೊಂಡಿದ್ದೆ? ಏನಾಯಿತು? ಯಾವುದನ್ನು ಪರೀಕ್ಷಿಸಿ ನೋಡಿದ್ದೀಯ? ಮೂರನೆಯ ಪ್ರಶ್ನೆಗೆ ಬಾಯಲ್ಲಿ ಉತ್ತರ ಬರುವ ಮೊದಲೇ ಮಗು ವೋಲ್ಟೇಜ್ ಅಳೆಯುವ ಮಲ್ಟಿಮೀಟರಿಗೆ ಕೈ ಹಾಕಿರುತ್ತದೆ. ಅಪಾಯವಿದ್ದಾಗ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ, ಆಗ ತಕ್ಷಣ ಮಧ್ಯೆ ಬನ್ನಿ.

ಸುರಕ್ಷತೆ

ಇಲ್ಲಿ ಚೌಕಾಸಿ ಇಲ್ಲ. ಮಕ್ಕಳು ಕಟ್ಟುವ ಯಾವ ವಿದ್ಯುತ್ ಮಂಡಲವೂ 12 ವೋಲ್ಟ್ ಮೀರಬಾರದು. ಗೋಡೆಯ ಪ್ಲಗ್‌ನ ವಿದ್ಯುತ್ತನ್ನು ನೇರವಾಗಿ ಬಳಸುವ ಯಾವ ಪ್ರಯೋಗವೂ ಬೇಡ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ತುದಿ 300 ಡಿಗ್ರಿ ದಾಟುತ್ತದೆ: ಸ್ಟ್ಯಾಂಡ್ ಇಲ್ಲದ ಮೇಜಿನಲ್ಲಿ ಸೋಲ್ಡರಿಂಗ್ ಇಲ್ಲ, ಕಣ್ಣಿಗೆ ಕನ್ನಡಕ, ಕಿಟಕಿ ತೆರೆದಿರಬೇಕು, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಲಿಥಿಯಂ ಬ್ಯಾಟರಿಗಳನ್ನು ಪ್ರಯೋಗಾಲಯದಲ್ಲಿ, ದೊಡ್ಡವರ ಕಣ್ಣೆದುರೇ ಚಾರ್ಜ್ ಮಾಡಬೇಕು. ಮಲಗುವ ಕೋಣೆಗೆ ಒಯ್ಯುವಂತಿಲ್ಲ, ರಾತ್ರಿಯಿಡೀ ಚಾರ್ಜಿಗೆ ಬಿಡುವಂತಿಲ್ಲ. ಲೇಸರ್ ಬೇಕಿದ್ದರೆ 1 ಮಿಲಿವಾಟ್ ಒಳಗಿನದು. ರಾತ್ರಿ ಪ್ರಯೋಗಾಲಯಕ್ಕೆ ಬೀಗ, ಕೀಲಿ ಒಬ್ಬರ ಬಳಿ.

ವಸತಿಯ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರು ಒಂದು ಮಗುವಿನೊಂದಿಗೆ ಒಂಟಿಯಾಗಿ ಇರಬಾರದು, ಅದು ನಿರ್ದೇಶಕರೇ ಆಗಿರಲಿ. ಹುಡುಗಿಯರ ವಸತಿಗೆ ಮಹಿಳಾ ಮೇಲ್ವಿಚಾರಕರು ಅಲ್ಲೇ ತಂಗಬೇಕು. ಕಷ್ಟವಾದರೆ ಯಾರಿಗೆ ಹೇಳಬೇಕು ಎಂಬುದನ್ನು ಮೊದಲ ಸಂಜೆಯೇ ಎರಡು ಹೆಸರುಗಳೊಂದಿಗೆ ತಿಳಿಸಿ. ಒಬ್ಬರ ಬಗ್ಗೆಯೇ ದೂರಿದ್ದರೆ ಇನ್ನೊಬ್ಬರಿಗೆ ಹೇಳುವಂತಿರಬೇಕು. ಅಲರ್ಜಿ, ನಿತ್ಯದ ಔಷಧಿ, ಉಬ್ಬಸ, ಮೂರ್ಛೆ ಇವುಗಳ ವಿವರ ಮತ್ತು ಪೋಷಕರ ಲಿಖಿತ ಒಪ್ಪಿಗೆ ಕೈಗೆ ಬಾರದೆ ಯಾರನ್ನೂ ಸೇರಿಸಿಕೊಳ್ಳಬೇಡಿ.

ಮೊದಲ ದಿನ: ಲೋಲಕ

ಉದ್ಘಾಟನೆಯನ್ನು ಹತ್ತು ನಿಮಿಷದಲ್ಲಿ ಮುಗಿಸಿ ನೇರ ಕೆಲಸಕ್ಕಿಳಿಯಿರಿ. ಎಲ್ಲ ತಂಡಗಳಿಗೂ ಒಂದೇ ಪ್ರಯೋಗ, ಲೋಲಕ. ಹೆಚ್ಚಿನವರ ಮುಖದಲ್ಲಿ ಬೇಸರ ಕಾಣುತ್ತದೆ, ಇದೆಲ್ಲ ಗೊತ್ತಿರುವುದೇ ಎಂದು. ಎಷ್ಟು ಬಾಗಿಸಿ ಬಿಟ್ಟರೂ ಆಂದೋಲನದ ಅವಧಿ ಒಂದೇ ಎನ್ನುವ ಪಠ್ಯದ ಸೂತ್ರವನ್ನು ಹೇಳಲು ಬಿಡಿ. 1 ಮೀಟರ್ ಉದ್ದದ ದಾರಕ್ಕೆ ಭಾರವಾದ ಗುಂಡು ಕಟ್ಟಿ, 10 ಡಿಗ್ರಿ ಬಾಗಿಸಿ ಬಿಟ್ಟು, ಹತ್ತು ಆಂದೋಲನಗಳ ಹೊತ್ತನ್ನು ಅಳೆಯಲು ಹೇಳಿ. ಸುಮಾರು 20.1 ಸೆಕೆಂಡು ಬರುತ್ತದೆ. ಸೂತ್ರಕ್ಕೆ ಸರಿಹೊಂದಿತು, ಎಲ್ಲರಿಗೂ ಸಮಾಧಾನ. ಈಗ 60 ಡಿಗ್ರಿ ಬಾಗಿಸಲು ಹೇಳಿ. 21 ಸೆಕೆಂಡು ದಾಟುತ್ತದೆ.

ಆ ಮೇಲಿನ ಅರ್ಧ ಗಂಟೆಯನ್ನು ಜೋಪಾನವಾಗಿ ಕಾಪಾಡಿಕೊಳ್ಳಿ. ಮೊದಲು ಸ್ಟಾಪ್‌ವಾಚ್ ಒತ್ತಿದವರ ಮೇಲೆ ಅನುಮಾನ. ಆಮೇಲೆ ದಾರ ಹಿಗ್ಗಿತೇನೋ ಎಂಬ ವಾದ. ಗಾಳಿಯ ತಡೆ ಎನ್ನುವವರಿರುತ್ತಾರೆ. ಪಕ್ಕದ ತಂಡಕ್ಕೂ ಅದೇ ಅಂಕಿ ಬಂದಿದೆ ಎಂದು ತಿಳಿದಾಗ ಸದ್ದು ಅಡಗುತ್ತದೆ. ಪಠ್ಯದ ಸೂತ್ರ ಸಣ್ಣ ಕೋನಗಳಿಗೆ ಮಾತ್ರ ಹೊಂದುತ್ತದೆ. 60 ಡಿಗ್ರಿಯಲ್ಲಿ ಅವಧಿ ಸೂತ್ರಕ್ಕಿಂತ ಶೇಕಡಾ 7ರಷ್ಟು ಹೆಚ್ಚು. ಇದನ್ನು ನೀವು ಹೇಳಬೇಡಿ. ಹತ್ತು ಆಂದೋಲನಗಳಲ್ಲಿ ಕೋನವೇ ಕುಗ್ಗುತ್ತ ಹೋಗುವುದರಿಂದ ಅಳತೆಯಲ್ಲಿ ಬರುವ ಹೆಚ್ಚಳ ಅದಕ್ಕಿಂತ ತುಸು ಕಡಿಮೆಯೇ ಇರುತ್ತದೆ, ಅದನ್ನೂ ಅವರೇ ಕಂಡುಕೊಳ್ಳಲಿ. ರಾತ್ರಿ ಊಟದ ಹೊತ್ತಿಗೆ ಯಾರಾದರೂ ಕಾಗದದ ಮೇಲೆ ಗೀಚುತ್ತ ಕೂತಿದ್ದರೆ ನಿಮ್ಮ ಕಾರ್ಯಾಗಾರ ಶುರುವಾಗಿದೆ.

ಅಂದೇ ಪ್ರತಿಯೊಬ್ಬರಿಗೂ ಹೊಲಿದ ನೋಟ್‌ಪುಸ್ತಕ ಕೊಡಿ. ಪೆನ್ನಿನಲ್ಲೇ ಬರೆಯಬೇಕು, ಪುಟ ಹರಿಯಬಾರದು, ತಪ್ಪಾದದ್ದಕ್ಕೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಂಕಿ ಓದುವಂತಿರಬೇಕು. ನೀಟಾಗಿ ಬರೆದು ಮೆಚ್ಚುಗೆ ಪಡೆದು ರೂಢಿಯಿರುವ ಮಕ್ಕಳಿಗೆ ಇದು ಕಷ್ಟ; ಎರಡು ದಿನ ಬೆನ್ನುಹತ್ತಿ ಹೇಳಬೇಕಾಗುತ್ತದೆ.

ನಡುವಿನ ದಿನಗಳು

ಎರಡನೆಯ, ಮೂರನೆಯ ದಿನ ಕೈಕೆಲಸಕ್ಕೆ ಮೀಸಲು: ಸೋಲ್ಡರಿಂಗ್, ಮೈಕ್ರೊಕಂಟ್ರೋಲರ್‌ಗೆ ಪ್ರೋಗ್ರಾಂ ಬರೆಯುವುದು, ನಕ್ಷೆ ಎಳೆಯುವುದು, ಅಳತೆಯ ದೋಷವನ್ನು ಲೆಕ್ಕ ಹಾಕುವುದು. ಕಂಪ್ಯೂಟರ್ ಮುಟ್ಟಿಯೇ ಇರದವರೂ, ಎರಡು ವರ್ಷದಿಂದ ಪ್ರೋಗ್ರಾಂ ಬರೆಯುತ್ತಿರುವವರೂ ಒಟ್ಟಿಗೆ ಬಂದಿರುತ್ತಾರೆ. ಬಲ್ಲವರು ಕೀಲಿಮಣೆ ಮುಟ್ಟದೆ ಬಾಯಲ್ಲಷ್ಟೇ ಹೇಳಿಕೊಡಬೇಕು ಎಂಬ ನಿಯಮ ಮಾಡಿ. ಇಬ್ಬರಿಗೂ ಲಾಭ.

ಮೂರನೆಯ ಸಂಜೆ ಪ್ರಶ್ನೆಗಳನ್ನು ಗೋಡೆಗೆ ಅಂಟಿಸಿ. ಮಕ್ಕಳು ಓಡಾಡುತ್ತ ಓದಲಿ, ತಮ್ಮದೇ ಪ್ರಶ್ನೆ ಇದ್ದರೆ ಅದನ್ನೂ ಸೇರಿಸಲಿ. ತಂಡ ಕಟ್ಟುವುದು ಪ್ರಶ್ನೆಯ ಸುತ್ತ, ಸ್ನೇಹದ ಸುತ್ತ ಅಲ್ಲ. ನಾಲ್ಕರಿಂದ ಎಂಟನೆಯ ದಿನದವರೆಗೆ ಯೋಜನೆಯ ಕೆಲಸ. ಆರನೆಯ ದಿನ ಎಲ್ಲ ತಂಡಗಳೂ ಐದೈದು ನಿಮಿಷ ‘ನಮಗೆ ಏನು ಕೈಗೂಡುತ್ತಿಲ್ಲ’ ಎಂಬುದನ್ನು ಮಾತ್ರ ಹೇಳಲಿ. ಒಂದು ತಂಡದ ತೊಡಕಿಗೆ ಇನ್ನೊಂದು ತಂಡದಿಂದ ಪರಿಹಾರ ಬರುವುದು ಇಲ್ಲೇ. ನಾನಾದರೆ ಹತ್ತು ದಿನಗಳಲ್ಲಿ ಬೇರೆ ಏನನ್ನು ಕೈಬಿಟ್ಟರೂ ಈ ಸಭೆಯನ್ನು ಬಿಡುವುದಿಲ್ಲ. ಎಂಟನೆಯ ರಾತ್ರಿ ಪ್ರಯೋಗ ನಿಲ್ಲಿಸಬೇಕು. ಇನ್ನೊಂದೇ ಅಳತೆ ಎಂದು ಗೋಗರೆಯುತ್ತಾರೆ, ಒಪ್ಪಬೇಡಿ.

ನಿದ್ದೆಯನ್ನು ಕಸಿಯುವ ಶಿಬಿರಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂಬುದು ನಿದ್ರಾತಜ್ಞರ ಸಲಹೆ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಸಾಗುತ್ತದೆ, ಆದ್ದರಿಂದ ನಸುಕಿನಲ್ಲಿ ಎಬ್ಬಿಸಿ ಶಿಸ್ತು ಕಲಿಸುತ್ತೇವೆ ಎನ್ನುವುದರಲ್ಲಿ ಅರ್ಥವಿಲ್ಲ. ಕೆಲಸ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಲಿ, ರಾತ್ರಿ ಹತ್ತೂವರೆಗೆ ದೀಪ ಆರಲಿ. ಮೊಬೈಲ್ ಹಗಲಿನಲ್ಲಿ ಸ್ಟಾಪ್‌ವಾಚ್ ಆಗಿ, ಕ್ಯಾಮೆರಾ ಆಗಿ ಕೆಲಸಕ್ಕೆ ಬರುತ್ತದೆ. ಮಲಗುವ ಮುನ್ನ ಮೇಲ್ವಿಚಾರಕರ ಕೈ ಸೇರಬೇಕು. ಐದನೆಯ ದಿನ ಮಧ್ಯಾಹ್ನ ಪೂರ್ತಿ ಬಿಡುವು ಕೊಡಿ, ಅದಕ್ಕೆ ಯಾವ ಕಾರ್ಯಕ್ರಮವನ್ನೂ ತುಂಬಬೇಡಿ.

ಸದಾ ಮೊದಲಿಗರಾಗಿದ್ದವರು

ತಮ್ಮ ತಮ್ಮ ಶಾಲೆಯಲ್ಲಿ ಇವರೆಲ್ಲ ಮೊದಲಿಗರು. ಇಲ್ಲಿಗೆ ಬಂದ ಎರಡನೆಯ ಮೂರನೆಯ ದಿನಕ್ಕೆ, ಪಕ್ಕದಲ್ಲಿ ಕುಳಿತವಳು ತನಗಿಂತ ಬೇಗ ಲೆಕ್ಕ ಬಿಡಿಸುತ್ತಾಳೆ ಎಂದು ಅರಿವಾಗುತ್ತದೆ. ಕೆಲವರಿಗೆ ಅದು ಹಬ್ಬ. ಕೆಲವರಿಗೆ ಕಾಲ ಕೆಳಗಿನ ನೆಲವೇ ಕುಸಿದಂತೆ. ಬುದ್ಧಿ ವಯಸ್ಸಿಗಿಂತ ಮುಂದಿದ್ದರೂ ಮನಸ್ಸು ಹದಿನೈದರದ್ದೇ ಎಂಬುದನ್ನು ಮಾರ್ಗದರ್ಶಕರು ಮರೆಯಬಾರದು. ನಿನ್ನೆಯವರೆಗೆ ಪ್ರಶ್ನೆ ಕೇಳುತ್ತಿದ್ದವರು ಮೌನವಾದರೆ, ತಲೆನೋವೆಂದು ಕೋಣೆಯಲ್ಲೇ ಉಳಿದರೆ, ತಂಡದಲ್ಲಿ ಬರೆಯುವ ಕೆಲಸವನ್ನಷ್ಟೇ ಹಿಡಿದುಕೊಂಡರೆ ಗಮನಿಸಿ. ಎಲ್ಲರೆದುರು ಕೇಳದೆ, ನಾಲ್ಕು ಜನರ ಕಣ್ಣಿಗೆ ಬೀಳುವ ಜಗುಲಿಯಲ್ಲೋ ಅಂಗಳದಲ್ಲೋ ಜೊತೆಗೆ ಕುಳಿತು ಮಾತಾಡಿ. ಅಂಥ ಮಗುವಿಗೆ ಉಪದೇಶಕ್ಕಿಂತ ಸಣ್ಣದೊಂದು ಸ್ವಂತ ಜವಾಬ್ದಾರಿ ಹೆಚ್ಚು ನೆರವಾಗುತ್ತದೆ: ತಂಡದ ಎಲ್ಲ ಅಳತೆಗಳ ದೋಷವನ್ನು ಲೆಕ್ಕ ಹಾಕುವುದು, ಉಪಕರಣದ ಒಂದು ಭಾಗವನ್ನು ಪೂರ್ತಿ ತಾನೇ ಕಟ್ಟುವುದು. ಮನೆಗೆ ಫೋನ್ ಮಾಡಲು ದಿನವೂ ನಿಗದಿತ ಸಮಯವಿರಲಿ.

ಬಹುಮಾನ, ರ‍್ಯಾಂಕ್, ಉತ್ತಮ ಶಿಬಿರಾರ್ಥಿ ಪದಕ ಯಾವುದೂ ಬೇಡ. ಪದಕ ಇಟ್ಟ ಕ್ಷಣ ಮಕ್ಕಳು ಗೆಲ್ಲಬಲ್ಲ ಪ್ರಶ್ನೆಗಳನ್ನಷ್ಟೇ ಆರಿಸಿಕೊಳ್ಳುತ್ತಾರೆ, ತಪ್ಪಿದ ಅಂಕಿಗಳನ್ನು ಮುಚ್ಚಿಡುತ್ತಾರೆ. ಹೊಗಳುವುದಿದ್ದರೆ ಮಾಡಿದ ಕೆಲಸವನ್ನು ಹೆಸರಿಸಿ ಹೊಗಳಿ. ‘ನೀನು ಬಹಳ ಬುದ್ಧಿವಂತೆ’ ಎನ್ನುವುದಕ್ಕಿಂತ ‘ಆ ಎರಡು ಅಂಕಿಗಳು ಹೊಂದಿಕೆಯಾಗುತ್ತಿಲ್ಲ ಎಂದು ನೀನು ಮತ್ತೆ ಅಳೆದೆಯಲ್ಲ, ಅದರಿಂದಲೇ ಸಡಿಲವಾಗಿದ್ದ ತಂತಿ ಸಿಕ್ಕಿತು’ ಎನ್ನುವುದು ಒಳ್ಳೆಯದು.

ಮಂಡನೆ ಮತ್ತು ಆಮೇಲೆ

ಒಂಬತ್ತನೆಯ ದಿನ ಬರವಣಿಗೆ, ಹತ್ತನೆಯ ದಿನ ಮಂಡನೆ. ಪ್ರತಿ ತಂಡಕ್ಕೆ 12 ನಿಮಿಷ ಮಾತು, 8 ನಿಮಿಷ ಪ್ರಶ್ನೆ. ಮೂವರೂ ಮಾತಾಡಬೇಕು. ಪ್ರತಿಯೊಂದು ನಕ್ಷೆಯಲ್ಲೂ ಅಳತೆಯ ದೋಷ ಕಾಣಬೇಕು. ‘ಕೆಲಸ ಮಾಡದೆ ಹೋದದ್ದು’ ಎಂಬ ಒಂದು ಪುಟ ಕಡ್ಡಾಯ. ಪೋಷಕರನ್ನು ಕರೆಯಿರಿ, ಆದರೆ ಮೊದಲ ಪ್ರಶ್ನೆ ಕೇಳುವ ಹಕ್ಕು ಇತರ ತಂಡದ ಮಕ್ಕಳದು.

ಎಲ್ಲ ಮುಗಿದ ಮೇಲೆ ಸಂಘಟಕರು ದಣಿದಿರುತ್ತಾರೆ, ಮುಂದಿನ ಕೆಲಸ ಅಲ್ಲಿಗೇ ನಿಂತುಬಿಡುತ್ತದೆ. ಆದ್ದರಿಂದ ಅದನ್ನು ಮೊದಲೇ ಬಜೆಟ್‌ನಲ್ಲಿ ಬರೆದಿಡಿ. ಪ್ರತಿ ಮಗುವಿನ ಜೊತೆ ಒಂದು ಮೈಕ್ರೊಕಂಟ್ರೋಲರ್ ಬೋರ್ಡ್, ಕೆಲವು ಸೆನ್ಸರ್‌ಗಳು, ತಂಡದ ದತ್ತಾಂಶವಿರುವ ಪೆನ್‌ಡ್ರೈವ್ ಮನೆಗೆ ಹೋಗಲಿ. ಶಾಲೆಯ ವಿಜ್ಞಾನ ಶಿಕ್ಷಕರಿಗೆ ಪತ್ರ ಬರೆದು, ಈ ವಿದ್ಯಾರ್ಥಿಗೆ ವಾರದಲ್ಲಿ ಎರಡು ಗಂಟೆ ಪ್ರಯೋಗಾಲಯದಲ್ಲಿ ಜಾಗ ಕೊಡಿ ಎಂದು ಕೋರಿ. ಕೇಳಿದರೆ ಕೊಡುವವರು ಬಹಳ ಮಂದಿ ಇದ್ದಾರೆ. ಆರು ತಿಂಗಳ ಕಾಲ ಮಾರ್ಗದರ್ಶಕರು ತಿಂಗಳಿಗೊಮ್ಮೆ ತಮ್ಮ ತಂಡದೊಂದಿಗೆ ಮಾತಾಡಲಿ, ಆ ಸಂಪರ್ಕದ ಬಗ್ಗೆ ಪೋಷಕರಿಗೆ ತಿಳಿದಿರಲಿ. ವರದಿಗಳಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನೆಲ್ಲ ಹೆಕ್ಕಿ, ಎತ್ತಿದ ತಂಡದ ಹೆಸರಿನೊಂದಿಗೆ ಮುಂದಿನ ವರ್ಷದ ಪಟ್ಟಿಗೆ ಸೇರಿಸಿ, ಅದರ ಪ್ರತಿಯನ್ನು ಆ ಮಕ್ಕಳಿಗೂ ಕಳುಹಿಸಿ.